ಯಾವ ಕಾರ್ಡಿಗೆ ಮೊದಲು ಕಟ್ಟೋದು?

ಸಂಬಳ ಬಂದ ದಿನ ನಮ್ಮೆದುರು ಎರಡು ಪ್ರಶ್ನೆ ಇರುತ್ತವೆ. ಊರಿಗೆ ಎಷ್ಟು ಕಳಿಸೋದು, ಕಾರ್ಡಿಗೆ ಎಷ್ಟು ಕಟ್ಟೋದು. ಮೊದಲನೆಯದನ್ನು ರೂಮಿನಲ್ಲಿ ಎಲ್ಲರೆದುರೂ ಮಾತಾಡ್ತೀವಿ, ಎರಡನೆಯದನ್ನು ಹೆಂಡತಿಗೂ ಹೇಳೋದಿಲ್ಲ. ಇಲ್ಲಿ ಯುಎಇಯಲ್ಲಿ ಸಂಬಳ ಐದು ಸಾವಿರ ದಿರ್ಹಂ ದಾಟಿದರೆ ಸಾಕು, ಕಾರ್ಡ್ ತಗೊಳ್ಳಿ ಅಂತ ಫೋನ್ ಮೇಲೆ ಫೋನ್. ಒಂದು ಕಾರ್ಡ್ ಮೂರಾಗೋದು ಗೊತ್ತೇ ಆಗೋದಿಲ್ಲ.

ಒಂದು ಲೆಕ್ಕ ಹಾಕೋಣ. ಮೊದಲ ಕಾರ್ಡಿನಲ್ಲಿ 9,000 ದಿರ್ಹಂ ಬಾಕಿ, ತಿಂಗಳಿಗೆ ಶೇ. 3.75 ಬಡ್ಡಿ. ಎರಡನೆಯದರಲ್ಲಿ 5,000, ಬಡ್ಡಿ ಶೇ. 3.25. ಮೂರನೆಯದರಲ್ಲಿ 1,200, ಬಡ್ಡಿ ಶೇ. 3. ಕನಿಷ್ಠ ಪಾವತಿ ಕ್ರಮವಾಗಿ 450, 250 ಮತ್ತು 100. ಒಟ್ಟು 800. ನಮ್ಮ ಕೈಯಲ್ಲಿರೋದು 1,500.

ಮೊದಲು ಆ 800 ಹೋಗಲೇಬೇಕು, ಅದೂ ಕೊನೇ ದಿನಾಂಕಕ್ಕೆ ಎರಡು ಮೂರು ದಿನ ಮುಂಚೆಯೇ. ಎಕ್ಸ್‌ಚೇಂಜ್‌ನಲ್ಲಿ ಕಟ್ಟಿದ ಹಣ ಕೆಲವು ಸಲ ಅದೇ ದಿನ ಜಮಾ ಆಗೋದಿಲ್ಲ. ತಡವಾದರೆ ದಂಡ 200 ದಿರ್ಹಂ ಮೀರೋದು ಇಲ್ಲಿ ಮಾಮೂಲು. 1,200 ಸಾಲದ ಮೇಲೆ 200 ದಂಡ ಅಂದ್ರೆ ಯಾವ ಬಡ್ಡಿಯೂ ಅದರ ಮುಂದೆ ನಿಲ್ಲೋದಿಲ್ಲ. ಅಲ್ ಎತಿಹಾದ್ ಕ್ರೆಡಿಟ್ ಬ್ಯೂರೋದಲ್ಲಿ ನಮ್ಮ ಸ್ಕೋರ್ ಬೀಳೋದು ಬೇರೆ.

ಉಳಿದ 700 ಯಾವುದಕ್ಕೆ? ಪುಸ್ತಕದ ಲೆಕ್ಕದಲ್ಲಿ ಹೆಚ್ಚು ಬಡ್ಡಿಯ ಮೊದಲ ಕಾರ್ಡಿಗೆ. ಅದಕ್ಕೆ ಹಾಕಿದರೆ ಮುಂದಿನ ತಿಂಗಳು 26 ದಿರ್ಹಂ ಬಡ್ಡಿ ಉಳಿಯುತ್ತೆ, ಚಿಕ್ಕದಕ್ಕೆ ಹಾಕಿದರೆ 21. ವ್ಯತ್ಯಾಸ ಐದು ದಿರ್ಹಂ, ಒಂದು ಶವರ್ಮಾದಷ್ಟೂ ಇಲ್ಲ. ಆದರೆ ಚಿಕ್ಕದು ಎರಡೇ ತಿಂಗಳಲ್ಲಿ ತೀರಿ, ಅದರ 100 ಕೂಡ ದೊಡ್ಡದಕ್ಕೆ ಸಿಗುತ್ತೆ. ಹಾಗಾಗಿ ಬಡ್ಡಿ ದರಗಳು ಇಷ್ಟು ಹತ್ತಿರ ಇದ್ದಾಗ ಚಿಕ್ಕದನ್ನು ಮೊದಲು ಮುಗಿಸಿ ಅಂತಲೇ ನಾವು ಹೇಳೋದು. ಚಿಕ್ಕದು ಬಡ್ಡಿಯಿಲ್ಲದ ಕಂತಿನ ಸಾಲವಾಗಿದ್ದರೆ ಮಾತು ಬೇರೆ. ಅದಕ್ಕೆ ಆತುರ ಬೇಡ, ಕಂತಿನಂತೆಯೇ ಹೋಗಲಿ.

ಬರೀ ಕನಿಷ್ಠ ಕಟ್ಟುತ್ತಾ ಹೋದರೆ ಏನಾಗುತ್ತೆ ನೋಡಿ. ಮೊದಲ ಕಾರ್ಡಿಗೆ 450 ಕಟ್ಟಿದರೆ ಅದರಲ್ಲಿ 337 ಬಡ್ಡಿಗೇ ಹೋಯಿತು. ಅಸಲು ಇಳಿದದ್ದು ಬರೀ 113. ಬಾಕಿ ಉಳಿಸಿಕೊಂಡ ಕಾರ್ಡಿನಲ್ಲಿ ಹೊಸದಾಗಿ ಏನು ಕೊಂಡರೂ ಸಾಮಾನ್ಯವಾಗಿ ಅವತ್ತಿನಿಂದಲೇ ಬಡ್ಡಿ ಶುರು. ದಿನಸಿಗೆ ಡೆಬಿಟ್ ಕಾರ್ಡ್ ಬಳಸಿ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ಕ್ಯಾಶ್ ತೆಗೆದು ಇನ್ನೊಂದು ಕಾರ್ಡಿಗೆ ಕಟ್ಟೋದಂತೂ ಬೇಡವೇ ಬೇಡ, ಅದಕ್ಕೆ ಶುಲ್ಕವೂ ಉಂಟು ಬಡ್ಡಿಯೂ ಉಂಟು.

ನಮ್ಮವರಲ್ಲಿ ಹೆಚ್ಚಾಗಿ ಕಾಣೋದು ಇನ್ನೊಂದು. ಊರಿನ ಬ್ಯಾಂಕಿನಲ್ಲಿ ಎಫ್‌ಡಿ, ಇಲ್ಲಿ ಕಾರ್ಡ್ ಸಾಲ. ಎಫ್‌ಡಿ ಕೊಡೋದು ವರ್ಷಕ್ಕೆ ಶೇ. 6–7. ಕಾರ್ಡ್ ತಿನ್ನೋದು ವರ್ಷಕ್ಕೆ ಶೇ. 45. ಮಗಳ ಮದುವೆಗೆ ಇಟ್ಟ ದುಡ್ಡು ಮುಟ್ಟಲ್ಲ ಅಂತೀರಿ, ನಮಗೆ ಅರ್ಥ ಆಗುತ್ತೆ. ಆದರೆ ಮದುವೆಯ ದುಡ್ಡನ್ನೇ ಕಾರ್ಡ್ ತಿನ್ನುತ್ತಿರೋದು. ಬ್ಯಾಂಕಿನ ಪರ್ಸನಲ್ ಲೋನ್ ತೆಗೆದು ಎಲ್ಲ ಕಾರ್ಡ್ ತೀರಿಸೋದೂ ಒಂದು ದಾರಿ. ಆದರೆ ದರ ಫ್ಲ್ಯಾಟಾ, ರೆಡ್ಯೂಸಿಂಗಾ ಕೇಳಿ. ನಾಲ್ಕು ವರ್ಷಕ್ಕೆ ಫ್ಲ್ಯಾಟ್ ಶೇ. 5 ಅಂದ್ರೆ ನಿಜದಲ್ಲಿ ಶೇ. 9ರ ಮೇಲೆಯೇ. ಆದರೂ ಕಾರ್ಡಿಗಿಂತ ಎಷ್ಟೋ ವಾಸಿ.

ಎಲ್ಲ ಬಿಟ್ಟು ಊರಿಗೆ ಹೋದರೆ ಆಯ್ತು ಅಂತ ಯೋಚಿಸುವವರೂ ಇದ್ದಾರೆ. ಭಾರತ ಸರ್ಕಾರದ 2020ರ ಜನವರಿಯ ಅಧಿಸೂಚನೆಯಿಂದ ಯುಎಇ ಕೋರ್ಟಿನ ಸಿವಿಲ್ ಡಿಕ್ರಿಯನ್ನು ನಮ್ಮೂರಿನ ಜಿಲ್ಲಾ ನ್ಯಾಯಾಲಯದಲ್ಲೂ ಜಾರಿ ಮಾಡಿಸಬಹುದು. ಕೆಲಸ ಹೋಗುವ ಸೂಚನೆ ಸಿಕ್ಕರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ.

ಕಾರ್ಡ್ ತೀರಿದ ಮೇಲೆ ಕತ್ತರಿಸಿ ಬಿಸಾಕಿದರೆ ಸಾಲದು, ವಾರ್ಷಿಕ ಶುಲ್ಕ ಬೆಳೀತಾನೇ ಇರುತ್ತೆ. ಮುಚ್ಚಲು ಬರೆದು ಕೊಡಿ, ಕ್ಲಿಯರೆನ್ಸ್ ಲೆಟರ್ ತಗೊಳ್ಳಿ, ಸೆಕ್ಯುರಿಟಿ ಚೆಕ್ ಕೊಟ್ಟಿದ್ದರೆ ಅದನ್ನೂ ವಾಪಸ್ ಕೇಳಿ.