ದೇಹದ ಜಮಾಖರ್ಚು

ಬೀದರ ಜಿಲ್ಲೆಯ ಬಸವಕಲ್ಯಾಣವು ಒಂದು ಕಾಲಕ್ಕೆ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. 12ನೆಯ ಶತಮಾನದಲ್ಲಿ ಬಸವಣ್ಣನವರೂ ಅವರ ಸಂಗಡಿಗರಾದ ಶರಣರೂ ಕಾಯಕದ ಹಿರಿಮೆಯನ್ನು ಸಾರಿದ್ದು ಇದೇ ನೆಲದಲ್ಲಿ. ದುಡಿದು ಉಣ್ಣಬೇಕು, ಬೇಕಾದಷ್ಟನ್ನು ಮಾತ್ರ ಪಡೆಯಬೇಕು ಎಂಬುದು ಅವರ ಬಾಳಿನ ನಿಯಮ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಮಡದಿ ಲಕ್ಕಮ್ಮ ಹೇಳಿದ ಕಥೆ ಪ್ರಸಿದ್ಧವಾದುದು. ಅದು ದುರಾಸೆಯನ್ನು ಕುರಿತ ಕಥೆ. ಆದರೂ ‘ಸಾಕು’ ಎಂಬ ಅರಿವು ಮನಸ್ಸಿಗೆ ಬೇಕಾದಷ್ಟೇ ದೇಹಕ್ಕೂ ಬೇಕು.

ಎರಡು ಮೂರು ತಲೆಮಾರುಗಳ ಹಿಂದೆ ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ವ್ಯಾಯಾಮವೆಂಬ ಮಾತಿಗೆ ಹೆಚ್ಚಿನ ಅವಕಾಶವಿರಲಿಲ್ಲ. ನಸುಕಿನಲ್ಲಿ ಬೀಸುವ ಕಲ್ಲು, ಬಾವಿಯಿಂದ ನೀರು, ಹೊಲದಲ್ಲಿ ಕುಂಟೆ ಕೂರಿಗೆ, ಸಂತೆಗೆ ಕಾಲ್ನಡಿಗೆ: ಬದುಕೇ ವ್ಯಾಯಾಮವಾಗಿತ್ತು. ಜಾತ್ರೆಯ ಕುಸ್ತಿಗಾಗಿ ತರುಣರು ಗರಡಿಮನೆಯಲ್ಲಿ ಸಾಮು ಮಾಡುತ್ತಿದ್ದರು. ಇಂದು ಹಿಟ್ಟು ಗಿರಣಿಯಿಂದ ಬರುತ್ತದೆ, ನೀರು ನಳದಿಂದ ಬರುತ್ತದೆ. ಓಣಿಯ ಕೊನೆಗೆ ಹೋಗಲೂ ಮೋಟಾರು ಸೈಕಲ್ಲು ಸಿದ್ಧವಾಗಿದೆ. ದುಡಿಮೆಯ ಭಾರ ಇಳಿದದ್ದು ಒಳಿತೇ. ಆದರೆ ಇಳಿದ ಆ ಭಾರವು ಹಲವರ ಮೈಮೇಲೆ ಕೊಬ್ಬಾಗಿ ಏರಿದೆ. ಅತಿಯಾದ ಕೊಬ್ಬು ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ಹೃದಯದ ಬೇನೆ, ಮೊಣಕಾಲು ನೋವುಗಳಿಗೆ ಹಾದಿ ಮಾಡಿಕೊಡುತ್ತದೆ.

ತೂಕ ಹೆಚ್ಚುವುದೇಕೆ? ದೇಹವು ಒಲೆಯಂತೆ ಆಹಾರವನ್ನು ಇಂಧನವಾಗಿ ಬಳಸುತ್ತದೆ. ಉಸಿರಾಟವು ಮೆಲ್ಲನೆ ನಡೆಯುವ ಒಂದು ಬಗೆಯ ದಹನವೆಂಬುದನ್ನು 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ವಿಜ್ಞಾನಿ ಲವಾಸಿಯೆ ತೋರಿಸಿಕೊಟ್ಟನು. ಈ ಇಂಧನದ ಶಕ್ತಿಯನ್ನು ಕಿಲೋಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಒಂದು ಗ್ರಾಂ ಪಿಷ್ಟ ಅಥವಾ ಸಸಾರಜನಕದಿಂದ ಸುಮಾರು 4, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ದೊರೆಯುತ್ತದೆ. ಉಂಡದ್ದು ಜಮೆ, ವ್ಯಯವಾದದ್ದು ಖರ್ಚು. ಖರ್ಚಿಗಿಂತ ಜಮೆ ಹೆಚ್ಚಾದರೆ ಉಳಿಕೆಯು ಕೊಬ್ಬಾಗಿ ಶೇಖರವಾಗುತ್ತದೆ. ಜಮೆ ಕಡಿಮೆಯಾದರೆ ದೇಹವು ಕೂಡಿಟ್ಟ ಗಂಟನ್ನು ಬಿಚ್ಚುತ್ತದೆ.

ಹಾಗಾದರೆ ಊಟ ಮೇಲೋ, ವ್ಯಾಯಾಮ ಮೇಲೋ? ಲೆಕ್ಕವೇ ಉತ್ತರ ಹೇಳಲಿ. 70 ಕಿಲೋ ತೂಕದವನೊಬ್ಬ ಒಂದು ಗಂಟೆ ಬಿರುಸಾಗಿ ನಡೆದರೆ ಹೆಚ್ಚಾಗಿ ಖರ್ಚಾಗುವುದು ಸುಮಾರು 200 ಕಿಲೋಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿಯೇ ಸುಮಾರು 120 ಇರುತ್ತದೆ. ನಡೆದು ದಣಿದೆನೆಂದು ಒಂದು ತಟ್ಟೆ ಮಿರ್ಚಿ ಭಜಿ ತಿಂದು, ಸಕ್ಕರೆ ತುಂಬಿದ ಚಹಾ ಕುಡಿದರೆ, ಗಂಟೆಯ ಗಳಿಕೆ ಗಳಿಗೆಯಲ್ಲಿ ಹೋಗುತ್ತದೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಅಡಗಿದೆ. ಬರಿಯ ನಡಿಗೆಯಿಂದ ಅದನ್ನು ಕರಗಿಸಲು ಸುಮಾರು 38 ದಿನ ಬೇಕು. ನಡಿಗೆಯ ಜೊತೆಗೆ ದಿನವೂ ಎರಡು ದೊಡ್ಡ ಚಮಚ ಎಣ್ಣೆಯನ್ನು ಕಡಿಮೆ ಮಾಡಿದರೆ 18 ದಿನ ಸಾಕು. ಇದು ಸ್ಥೂಲವಾದ ಲೆಕ್ಕ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುವುದರಿಂದ ಮುಂದೆ ವೇಗ ತಗ್ಗುತ್ತದೆ. ಆದರೂ ತೂಕ ಇಳಿಸುವಲ್ಲಿ ಊಟದ ಪಾತ್ರ ಹಿರಿದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಭಾಗದ ಹಳೆಯ ಊಟದಲ್ಲಿ ಹಿತವಾದುದು ಬಹಳವಿದೆ. ಜೋಳದ ರೊಟ್ಟಿ, ತೊಗರಿ ಹೆಸರು ಬೇಳೆ, ಪುಂಡಿ ಪಲ್ಯ, ಮಜ್ಜಿಗೆ ಇವು ಸಮತೋಲದ ಆಹಾರವೇ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಂ ಕೂಡ ಇಲ್ಲ. ನಾರು ಹೊಟ್ಟೆಯನ್ನು ಬೇಗ ತುಂಬಿಸಿ, ಹಸಿವನ್ನು ತಡವಾಗಿಸುತ್ತದೆ. ಆದರೆ ಜೋಳದಲ್ಲಿ ಮಾಯೆಯೇನೂ ಇಲ್ಲ: ಶಕ್ತಿಯ ಲೆಕ್ಕದಲ್ಲಿ ಜೋಳವೂ ಅಕ್ಕಿಯೂ ಹೆಚ್ಚುಕಡಿಮೆ ಸಮ. ನಾಲ್ಕು ರೊಟ್ಟಿ ಸಾಕಾಗುವಲ್ಲಿ ಎಂಟು ಉಂಡರೆ ಜೋಳವೂ ಕೊಬ್ಬಾಗುತ್ತದೆ. ಶೇಂಗಾ ಹಿಂಡಿ ಪುಷ್ಟಿಕರವಾದರೂ ಶೇಂಗಾದ ಸುಮಾರು ಅರ್ಧ ಭಾಗ ಎಣ್ಣೆಯೇ. ಸಕ್ಕರೆಯ ಬದಲು ಬೆಲ್ಲವೆಂದು ಸಮಾಧಾನ ಪಡುವವರೂ ಶಕ್ತಿಯ ಲೆಕ್ಕದಲ್ಲಿ ಹೆಚ್ಚೇನನ್ನೂ ಉಳಿಸಲಾರರು.

ಇಷ್ಟರಿಂದ ವ್ಯಾಯಾಮ ವ್ಯರ್ಥವೆಂದು ತಿಳಿಯಬಾರದು. ಕೇವಲ ಉಪವಾಸದಿಂದ ಇಳಿದವನು ಕೊಬ್ಬಿನೊಡನೆ ಸ್ನಾಯುಗಳನ್ನೂ ಕಳೆದುಕೊಳ್ಳುತ್ತಾನೆ. ಮೊದಲ ವಾರದಲ್ಲಿ ತೂಕ ಸರ್ರನೆ ಇಳಿಯುವುದು ಕೊಬ್ಬಿನಿಂದಲ್ಲ, ಬಹುಪಾಲು ನೀರಿನಿಂದ. ಉಪವಾಸ ಬಿಟ್ಟೊಡನೆ ತೂಕ ಮರಳಿ ಬರುತ್ತದೆ, ಕಳೆದ ಸ್ನಾಯು ಮಾತ್ರ ತಾನಾಗಿ ಬರುವುದಿಲ್ಲ. ದಂಡ ಬೈಠಕ್ಕುಗಳಂಥ ಸಾಮು ಸ್ನಾಯುವನ್ನು ಕಾಯುತ್ತದೆ. ನಡಿಗೆ, ಓಟ, ಈಜು ಹೃದಯವನ್ನು ಬಲಪಡಿಸಿ, ಇಳಿದ ತೂಕ ಮರಳದಂತೆ ತಡೆಯುತ್ತವೆ. ತೂಕ ಕಿಂಚಿತ್ತೂ ಇಳಿಯದಿದ್ದರೂ ವ್ಯಾಯಾಮದಿಂದ ರಕ್ತದ ಸಕ್ಕರೆಯೂ ಒತ್ತಡವೂ ಹತೋಟಿಗೆ ಬರಲು ಸಹಾಯವಾಗುತ್ತದೆ. ಬೆವರು ಸುರಿದಷ್ಟೂ ಕೊಬ್ಬು ಕರಗಿತೆಂಬುದು ತಪ್ಪು ತಿಳಿವಳಿಕೆ. ಬೆವರು ಬರಿಯ ನೀರು ಮತ್ತು ಉಪ್ಪು. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗುತ್ತದೆಂಬುದೂ ಅಂಥದೇ ಭ್ರಮೆ.

ವಯಸ್ಕರು ವಾರಕ್ಕೆ 150 ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ನಡೆಸಬೇಕೆಂದೂ, 5 ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯೆ ಆಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಇದಕ್ಕೆ ಬೆಲೆಬಾಳುವ ಸಾಧನಗಳು ಬೇಕಿಲ್ಲ. ಶಾಲೆಗೆ ನಡೆದು ಹೋಗುವುದು, ಕಬಡ್ಡಿ, ಖೊಖೊ, ಮನೆಗೆಲಸದಲ್ಲಿ ನೆರವು, ಸಂಜೆ ಕೋಟೆಯ ಕಡೆಗೊಂದು ನಡಿಗೆ ಇಷ್ಟೇ ಸಾಕು.

ವಿದ್ಯಾರ್ಥಿಗಳು ಒಂದು ಮಾತನ್ನು ವಿಶೇಷವಾಗಿ ನೆನಪಿಡಬೇಕು. ಹದಿಹರೆಯವು ಬೆಳೆಯುವ ಕಾಲ. ಎಲುಬು, ರಕ್ತ, ಸ್ನಾಯುಗಳು ಕಟ್ಟಿಕೊಳ್ಳುವ ಕಾಲ. ತೆಳ್ಳಗಾಗುವ ಹಂಬಲದಿಂದ ಊಟ ಬಿಡುವ ಹುಡುಗಿಗೆ ರಕ್ತಹೀನತೆ ಕಾಡಬಹುದು. ಎತ್ತರ ತೂಕಗಳಿಂದ ದಪ್ಪವನ್ನು ಅಳೆಯುವ ವಯಸ್ಕರ ಸೂತ್ರ ಮಕ್ಕಳಿಗೆ ಹಾಗೆಯೇ ಹೊಂದುವುದಿಲ್ಲ. ಅವರ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂದೇಹವಿದ್ದವರು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕೇಳುವುದು ಒಳಿತು. ಒಂದೇ ಬೆಂಚಿನ ಮೇಲೆ ಅತಿ ಉಂಡು ಕೊಬ್ಬಿದವನೂ ಸಾಕಷ್ಟು ಉಣಲಿಲ್ಲದೆ ಬಡಕಲಾದವನೂ ಕುಳಿತಿರಬಹುದು. ಒಬ್ಬನಿಗೆ ಮಿತ ಬೇಕು, ಇನ್ನೊಬ್ಬನಿಗೆ ತುತ್ತು ಬೇಕು. ಗೇಲಿಯಂತೂ ಇಬ್ಬರಿಗೂ ಬೇಡ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಗಾದೆ. ಊಟ ಬಲ್ಲವನೆಂದರೆ ಉಪವಾಸ ಬಲ್ಲವನಲ್ಲ. ಏನನ್ನು, ಎಷ್ಟನ್ನು ಉಣ್ಣಬೇಕೆಂದು ತಿಳಿದು, ಉಂಡದ್ದನ್ನು ದುಡಿಮೆಯಿಂದ ಅರಗಿಸಿಕೊಳ್ಳಬಲ್ಲವನು. ಊಟ ತೂಕವನ್ನು ಇಳಿಸುತ್ತದೆ, ವ್ಯಾಯಾಮ ಇಳಿದುದನ್ನು ಉಳಿಸುತ್ತದೆ. ಎರಡು ಎತ್ತುಗಳೂ ಹೆಗಲು ಕೊಟ್ಟಾಗಲೇ ಬಂಡಿ ಮುಂದೆ ಸಾಗುತ್ತದೆ.