ಮುರುಗಲು ತುಪ್ಪ ಮುಲಾಮಾದ ಬಗೆ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಕಡಲಿಗೂ ಘಟ್ಟದ ಬುಡಕ್ಕೂ ನಡುವೆ ಹಬ್ಬಿರುವ ಕಿರಿದಾದ ನೆಲದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೂ, ಮಳೆ ಹಿಂದೆಗೆದ ಮೇಲೆ ಬೀಸುವ ಚಳಿಗಾಲದ ಒಣಗಾಳಿಗೆ ತುಟಿ, ಹಿಮ್ಮಡಿಗಳು ಒಡೆಯುವುದು ತಪ್ಪಿದ್ದಲ್ಲ. ಬೇಸಿಗೆಯ ಸೆಕೆಯಲ್ಲಿ ಮೈಮೇಲೆ ಕೆಂಪಗೆ ದದ್ದೆದ್ದು ತುರಿಸುವ ಪಿತ್ತಗಂಧೆಯೂ ಇಲ್ಲಿನವರಿಗೆ ಹೊಸದಲ್ಲ. ಈ ಎರಡೂ ತೊಂದರೆಗಳಿಗೆ ಕರಾವಳಿಯ ಮನೆಗಳು ಒಂದೇ ಮರವನ್ನು ನೆಚ್ಚಿಕೊಂಡು ಬಂದಿವೆ. ಅದು ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ, ಸಸ್ಯಶಾಸ್ತ್ರದ ಗಾರ್ಸಿನಿಯಾ ಇಂಡಿಕಾ. ಗಂಧೆಗೆ ಅದರ ಸಿಪ್ಪೆ ನೆನೆಸಿದ ನೀರನ್ನು ಮೈಗೆ ಹಚ್ಚಿ, ಅದನ್ನೇ ಪಾನಕವಾಗಿಯೂ ಕುಡಿಸುತ್ತಾರೆ. ಒಡೆದ ಚರ್ಮಕ್ಕೆ ಬೀಜದ ತುಪ್ಪವನ್ನು ಸವರುತ್ತಾರೆ.

ತುಪ್ಪವೆಂದರೆ ಇಲ್ಲಿ ಹಾಲಿನದಲ್ಲ, ಬೀಜದ ತಿರುಳಿನಿಂದ ತೆಗೆದ ಗಟ್ಟಿ ಜಿಡ್ಡು. ಈ ತುಪ್ಪಕ್ಕಾಗಿಯೇ ಯಾರೂ ಮುರುಗಲು ಹಣ್ಣನ್ನು ಆಯ್ದವರಲ್ಲ ಎಂಬುದು ಅದರ ಹುಟ್ಟನ್ನು ಅರಿಯಲು ಮುಖ್ಯವಾದ ಸಂಗತಿ. ಏಪ್ರಿಲ್–ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಕಾಡಿನಿಂದಲೂ ಅಡಿಕೆ ತೋಟಗಳಿಗೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟಗಳಿಂದಲೂ ಹಣ್ಣನ್ನು ತರುತ್ತಿದ್ದುದು ಸಾರಿಗೆ ಹುಳಿಯಾಗುವ ಸಿಪ್ಪೆಗಾಗಿ. ಬೀಜ ಉಳಿಕೆಯ ವಸ್ತು. ಆ ಉಳಿಕೆಯನ್ನು ಎಸೆಯದೆ ತೊಳೆದು ಬಿಸಿಲಿಗೆ ಹರವಿ, ಒಣಗಿದ ಮೇಲೆ ಹೊರಗವಚ ಒಡೆದು, ತಿರುಳನ್ನು ಒರಳಲ್ಲಿ ಕುಟ್ಟಿ ನೀರಿನಲ್ಲಿ ಕುದಿಸಿದಾಗ ಜಿಡ್ಡು ಮೇಲೆ ತೇಲುತ್ತದೆ. ಅದು ಆರಿ ಹೆಪ್ಪುಗಟ್ಟಿದ ಮೇಲೆ ತೆಗೆದು, ಮತ್ತೆ ಕರಗಿಸಿ ಸೋಸಿ, ಉಂಡೆ ಕಟ್ಟಿ ಇಡುತ್ತಾರೆ. ಬೇಗ ಕಮಟಾಗದ ಈ ಉಂಡೆ ಅಡುಗೆಗೂ ಆಯಿತು, ಒಡೆದ ಕಾಲಿಗೂ ಆಯಿತು. ಶ್ರಮವನ್ನು ನೋಡಿದರೆ ಇದು ಬಹುಪಾಲು ಹೆಂಗಸರು ಕಟ್ಟಿ ಉಳಿಸಿದ ವಿದ್ಯೆಯೆನ್ನಬೇಕು. ಅವರ ಹೆಸರು ಯಾವ ಗ್ರಂಥದಲ್ಲಿಯೂ ದಾಖಲಾಗದಿರುವುದು ನೋವಿನ ಸಂಗತಿ.

ಗ್ರಂಥಗಳು ಹಣ್ಣನ್ನು ಮೊದಲು ಕಂಡವು, ತುಪ್ಪವನ್ನು ಆಮೇಲೆ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಔಷಧದ್ರವ್ಯಗಳ ಗ್ರಂಥದಲ್ಲಿ ಇದನ್ನು ಹುಳಿಹಣ್ಣಾಗಿ ವರ್ಣಿಸಿದ. ಮೂರು ಶತಮಾನಗಳ ಬಳಿಕ, ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ 1862ರ ಆಸುಪಾಸಿನಲ್ಲಿ, ಬ್ರಿಟಿಷ್ ವೈದ್ಯರ ಗಮನ ಬೀಜದತ್ತ ಹರಿಯಿತು. 1868ರ ‘ಫಾರ್ಮಕೋಪಿಯಾ ಆಫ್ ಇಂಡಿಯಾ’, ಅಂದರೆ ಸರ್ಕಾರದ ಔಷಧಕೋಶ, ಈ ಜಿಡ್ಡನ್ನು ಮುಲಾಮು ಮೊದಲಾದವುಗಳ ತಯಾರಿಕೆಗೆ ಒಗ್ಗುವ ವಸ್ತುವೆಂದು ಗುರುತಿಸಿತು.

ಆ ಗುಣದ ಕಾರಣ ಇಂದು ಸ್ಪಷ್ಟವಾಗಿದೆ. ತುಪ್ಪದ ಅರ್ಧಕ್ಕಿಂತ ಹೆಚ್ಚಿನ ಪಾಲು ಸ್ಟಿಯರಿಕ್ ಎಂಬ ಗಟ್ಟಿ ಕೊಬ್ಬಿನಾಮ್ಲ, ಉಳಿದುದರಲ್ಲಿ ಹೆಚ್ಚಿನದು ಓಲಿಯಿಕ್ ಎಂಬ ಮೃದು ಆಮ್ಲ. ಹೀಗಾಗಿ ಕೋಣೆಯಲ್ಲಿ ಕಲ್ಲಿನಂತಿರುವ ಉಂಡೆ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗಿ, ಬೆರಳಿನಿಂದ ಉಜ್ಜಿದಾಗ ಮೈಯ ಶಾಖಕ್ಕೆ ಮೆತ್ತಗಾಗಿ ತೆಳುವಾಗಿ ಹರಡುತ್ತದೆ. ಅದು ರೋಗವನ್ನು ಕೊಲ್ಲುವುದಿಲ್ಲ, ಚರ್ಮದೊಳಗಿನ ತೇವ ಆರದಂತೆ ಮೇಲೊಂದು ಪದರವಾಗಿ ನಿಲ್ಲುತ್ತದೆ. ಸುಗಂಧ, ಬಣ್ಣ ಸೇರದ ಇಂಥ ಸರಳ ಲೇಪ ಬೇಗ ಉರಿಯುವ ಚರ್ಮಕ್ಕೆ ಒಗ್ಗುವುದು ಸಹಜ. ಆದರೂ ಯಾವ ಮದ್ದೂ ಎಲ್ಲರಿಗೂ ಒಗ್ಗದಾದ್ದರಿಂದ ಮೊದಲು ಮುಂಗೈಯ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾಯುವುದು ಲೇಸು. ಕೀವಾದ ಗಾಯ, ಹರಡುವ ಇಸುಬುಗಳಿಗೆ ವೈದ್ಯರೇ ಬೇಕು. ಗಂಧೆಯೊಂದಿಗೆ ಮುಖ, ನಾಲಿಗೆ ಬಾತು ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಈಚಿನ ತಿರುವು ದೂರದಿಂದ ಬಂದಿತು. ಐರೋಪ್ಯ ಒಕ್ಕೂಟ 2000ದಲ್ಲಿ ಹೊರಡಿಸಿದ ಚಾಕೊಲೇಟ್ ನಿಯಮವು ಕೋಕೋ ಬೆಣ್ಣೆಯ ಜೊತೆ ಬೆರೆಸಬಹುದಾದ 6 ಸಸ್ಯಕೊಬ್ಬುಗಳಲ್ಲಿ ಮುರುಗಲನ್ನೂ ಎಣಿಸಿತು. ತುಟಿಗೆ, ಮೈಗೆ ಹಚ್ಚುವ ಲೇಪಗಳ ತಯಾರಕರೂ ಅದನ್ನು ಬಳಸುತ್ತಾರೆ. ಕಾರ್ಖಾನೆಯಲ್ಲಿ ಶುದ್ಧೀಕರಿಸಿದ್ದು ಬೆಳ್ಳಗೆ, ವಾಸನೆಯಿಲ್ಲದೆ ಇರುತ್ತದೆ. ಮನೆಯಲ್ಲಿ ಕುದಿಸಿ ತೆಗೆದದ್ದು ನಸುಹಳದಿ ಅಥವಾ ಬೂದು ಬಣ್ಣದ್ದು, ಬೀಜದ ಘಮ ಉಳಿಸಿಕೊಂಡಿರುವಂಥದ್ದು. ಹಿಮ್ಮಡಿಯ ಸೀಳಿಗೆ ಎರಡೂ ಒದಗುತ್ತವೆ, ಆದರೆ ವಾಸನೆಯೂ ತಡೆಯದ ಸೂಕ್ಷ್ಮ ಚರ್ಮದವರಿಗೆ ಮೊದಲನೆಯದೇ ಮೇಲು.