ಮಹಿಷಾಸುರನ ಕೆಂಪಿಗೆ ಎಂಥ ಬೆಳಕು ಬೇಕು?

ಮಂಗಳೂರಿನ ಪಂಪ್‌ವೆಲ್‌ನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಬಂಟ್ವಾಳದ ಕಡೆಗೆ, ಒಂದು ತಲಪಾಡಿ ದಾಟಿ ಕಾಸರಗೋಡಿಗೆ, ಇನ್ನೊಂದು ಉಡುಪಿಗೆ. ದೀಪಾವಳಿ ಕಳೆದು ಮೇ ತಿಂಗಳ ಪತ್ತನಾಜೆ ಬರುವವರೆಗೆ ಈ ದಾರಿಗಳ ಆಚೀಚೆ ಯಾವುದಾದರೂ ಊರಿನ ಗದ್ದೆಯಲ್ಲೋ ಮೈದಾನದಲ್ಲೋ ಯಕ್ಷಗಾನದ ಆಟ ಇದ್ದೇ ಇರುತ್ತದೆ. ಕಟೀಲು ಮೇಳದ ಹರಕೆಯಾಟವಾದರೆ ಪ್ರಸಂಗ ಹೆಚ್ಚಾಗಿ ‘ಶ್ರೀದೇವಿ ಮಹಾತ್ಮೆ’. ಅದರಲ್ಲಿ ಮಹಿಷಾಸುರನ ಪ್ರವೇಶಕ್ಕಾಗಿಯೇ ನಿದ್ದೆಗೆಟ್ಟು ಕಾಯುವವರಿದ್ದಾರೆ. ಹಾಡು, ಚೆಂಡೆ, ವೇಷ, ಬೆಳಕು ಒಂದಕ್ಕೊಂದು ಹೆಗಲು ಕೊಡುವ ಈ ದೃಶ್ಯದಲ್ಲಿ ರಂಗವಿನ್ಯಾಸದ ಭೌತವಿಜ್ಞಾನ ಬಹುಪಾಲು ಅಡಗಿದೆ.

ಮಹಿಷಾಸುರ ಬರುವುದು ಪ್ರೇಕ್ಷಕರ ಬೆನ್ನ ಹಿಂದಿನ ಕತ್ತಲಿನಿಂದ. ಜೊತೆಗೆ ದೊಂದಿ ಹಿಡಿದವರು. ನಡುನಡುವೆ ರಾಳದ ಪುಡಿ ಎರಚುತ್ತಾರೆ, ಭುಗ್ಗೆಂದು ಬೆಂಕಿ ಏಳುತ್ತದೆ. ರಾಳದ ಗಟ್ಟಿಗೆ ಕಿಚ್ಚಿಟ್ಟರೆ ಅದು ಹೊಗೆಯಾಡುತ್ತ ನಿಧಾನವಾಗಿ ಉರಿಯುತ್ತದೆ. ಅದನ್ನೇ ಪುಡಿ ಮಾಡಿ ಗಾಳಿಗೆ ತೂರಿದರೆ ಪ್ರತಿ ಕಣದ ಸುತ್ತಲೂ ಆಮ್ಲಜನಕ ಸಿಗುವುದರಿಂದ ಕ್ಷಣಾರ್ಧದಲ್ಲಿ ಎಲ್ಲವೂ ಉರಿದು ಮುಗಿಯುತ್ತದೆ. ಯುರೋಪಿನ ರಂಗಭೂಮಿಯಲ್ಲಿ ಮಿಂಚು ತೋರಿಸಲು ಲೈಕೋಪೋಡಿಯಂ ಎಂಬ ಗಿಡದ ಬೀಜಕಣಗಳ ಪುಡಿಯನ್ನು ಹೀಗೆಯೇ ಬಳಸುತ್ತಿದ್ದರು.

ದೀಪದಿಂದ ಇರುವ ದೂರ ಎರಡು ಪಟ್ಟಾದರೆ ಮೈಮೇಲೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ದೊಂದಿ ವೇಷದ ಜೊತೆಗೇ ನಡೆದು ಬರುವುದರಿಂದ ಮಹಿಷಾಸುರ ಇಡೀ ದಾರಿ ಒಂದೇ ಪ್ರಖರತೆಯಲ್ಲಿ ಕಾಣುತ್ತಾನೆ. ಸುತ್ತಲಿನದೆಲ್ಲ ಕತ್ತಲಲ್ಲೇ ಉಳಿಯುತ್ತದೆ. ಈಗಿನ ನಾಟಕಶಾಲೆಗಳು ಫಾಲೋ ಸ್ಪಾಟ್ ದೀಪದಿಂದ ಮಾಡುವ ಕೆಲಸವೂ ಇದೇ.

ಬಣ್ಣದ ಲೆಕ್ಕ ಇನ್ನೂ ಸೊಗಸು. ಎಣ್ಣೆಯ ಜ್ವಾಲೆಯಲ್ಲಿ ಹೊಳೆಯುವುದು ಕಾದ ಮಸಿಯ ಕಣಗಳು. ಆ ಬೆಳಕಿನ ವರ್ಣತಾಪ ಸುಮಾರು 1,900 ಕೆಲ್ವಿನ್. ಅದರಲ್ಲಿ ಕೆಂಪು, ಹಳದಿ ಧಾರಾಳ, ನೀಲಿ ತೀರಾ ಕಡಿಮೆ. ಯಕ್ಷಗಾನದ ಹಳೆಯ ಬಣ್ಣಗಳು ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ, ಕಪ್ಪಿಗೆ ಕಾಡಿಗೆ, ಬಿಳಿಗೆ ಸಫೇತ. ಪಾದರಸ ಮತ್ತು ಗಂಧಕ ಸೇರಿದ ಇಂಗಳೀಕ ಸುಮಾರು 600 ನ್ಯಾನೋಮೀಟರಿಗಿಂತ ಕಿರಿದಾದ ತರಂಗಗಳನ್ನು ಹೀರಿ, ಅದಕ್ಕಿಂತ ಉದ್ದದ ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ದೊಂದಿ ಕೊಡುವುದೂ ಅದನ್ನೇ. ಹಾಗಾಗಿ ಮುಖದ ಮೇಲಿನ ಕೆಂಪು ಕೆಂಡದಂತೆ ಕಾಣುತ್ತದೆ, ಕಾಡಿಗೆಯ ಕಪ್ಪು ಇನ್ನಷ್ಟು ಆಳವಾಗುತ್ತದೆ. (ಪಾದರಸವೂ ಅರದಾಳದಲ್ಲಿರುವ ಆರ್ಸೆನಿಕ್ಕೂ ವಿಷ, ಅವು ಮುಖದಿಂದ ದೂರವಾದಷ್ಟೂ ಒಳ್ಳೆಯದು.) ಕಿರೀಟ, ಎದೆಪದಕಗಳ ಬೇಗಡೆ ಮತ್ತು ಕನ್ನಡಿ ಚೂರುಗಳು ಓಲಾಡುವ ಜ್ವಾಲೆಯನ್ನು ಪ್ರತಿಫಲಿಸುವುದರಿಂದ ವೇಷಧಾರಿ ಅಲ್ಲಾಡದೆ ನಿಂತಾಗಲೂ ಮೈಯೆಲ್ಲ ಮಿನುಗುತ್ತಿರುತ್ತದೆ.

ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಮುಳ್ಳುಮುಳ್ಳಾಗಿ ಎಬ್ಬಿಸುವ ಚುಟ್ಟಿಯ ಗುಟ್ಟು ನೆರಳಿನಲ್ಲಿದೆ. ಪಕ್ಕದಿಂದ ಬೆಳಕು ಬಿದ್ದರೆ ಪ್ರತಿ ಮುಳ್ಳಿಗೂ ಒಂದು ನೆರಳು ಹುಟ್ಟಿ, ಮುಖದ ಉಬ್ಬುತಗ್ಗು ಕೊನೆಯ ಸಾಲಿನವರಿಗೂ ಕಾಣುತ್ತದೆ. ಎದುರಿನಿಂದ ಫ್ಲಡ್‌ಲೈಟ್ ಬಿಟ್ಟರೆ ನೆರಳು ಅಳಿಸಿಹೋಗಿ ಅಷ್ಟೂ ಹೊತ್ತಿನ ಕೈಕೆಲಸ ಬರೀ ಬಿಳಿ ಪಟ್ಟಿಯಾಗುತ್ತದೆ. ಇದು ನಿಜಕ್ಕೂ ನಷ್ಟ.

ರಂಗದ ದೀಪವಾಗಿ ದೊಂದಿಯ ನಂತರ ಗ್ಯಾಸ್‌ಲೈಟ್ ಬಂತು. ಆಸ್ಟ್ರಿಯಾದ ಕಾರ್ಲ್ ಔಯರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಪೇಟೆಂಟ್ ಪಡೆದ ಮ್ಯಾಂಟಲ್ ಅದರ ಮೂಲ. ಬೆಳಕು ಬಿಳುಪಾಯಿತು, ಓಲಾಟ ನಿಂತಿತು. ಆಮೇಲೆ ವಿದ್ಯುತ್ ಬಲ್ಬು, ಈಗ ಎಲ್‌ಇಡಿ.

ಬಿಳಿ ಎಲ್‌ಇಡಿಯೊಳಗೆ ಸಾಮಾನ್ಯವಾಗಿ ಇರುವುದು ಸುಮಾರು 450 ನ್ಯಾನೋಮೀಟರಿನ ನೀಲಿ ಚಿಪ್, ಅದರ ಮೇಲೆ ಹಳದಿ ಬೆಳಗುವ ಫಾಸ್ಫರ್ ಲೇಪ. ಎರಡೂ ಬೆರೆತು ಕಣ್ಣಿಗೆ ಬಿಳಿಯಾಗುತ್ತದೆ, ಆದರೆ ಅಗ್ಗದ ದೀಪಗಳಲ್ಲಿ ಗಾಢ ಕೆಂಪು ಬಹಳ ಕಡಿಮೆ. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಅಳೆಯುವ, ದೀಪದ ಪೆಟ್ಟಿಗೆಯ ಮೇಲೆ ಬರೆದ ಸಿಆರ್‌ಐ 80 ಎಂಬ ಅಂಕಿ ಇದನ್ನು ಹೇಳುವುದಿಲ್ಲ. ಆ ಅಂಕಿ ಎಂಟು ಮಂದ ಬಣ್ಣಗಳ ಸರಾಸರಿ. ಗಾಢ ಕೆಂಪಿನ ಪರೀಕ್ಷೆ ಆರ್9 ಅದರಲ್ಲಿ ಸೇರಿಲ್ಲ. ರಕ್ಕಸ ಪಾತ್ರಗಳ ‘ಬಣ್ಣದ ವೇಷ’ದ ಜೀವ ಇರುವುದು ಆ ಒಂಬತ್ತನೆಯ ಬಣ್ಣದಲ್ಲೇ. ಅಂಥ ದೀಪದಡಿ ರಕ್ಕಸನ ಕೆಂಪು ಇಟ್ಟಿಗೆಯ ಪುಡಿಯಂತೆ ಸಪ್ಪೆಯಾಗುತ್ತದೆ.

ಯಕ್ಷಗಾನದಲ್ಲಿ ಬೆಟ್ಟ, ಅರಮನೆ, ಯುದ್ಧಭೂಮಿಯ ಪರದೆಗಳಿಲ್ಲ. ನಾಲ್ಕು ಕಂಬದ ರಂಗಸ್ಥಳ, ಮಾವಿನೆಲೆಯ ತೋರಣ, ಕೂರಲು ಒಂದು ಪೀಠ, ಇಬ್ಬರು ಹಿಡಿಯುವ ತೆರೆ. ಉಳಿದದ್ದನ್ನು ಭಾಗವತರ ಪದ, ಅರ್ಥಗಾರಿಕೆ ಕಟ್ಟಿಕೊಡುತ್ತವೆ. ಕಣ್ಣಿಗೆ ಆಸರೆಯಾಗಿ ಉಳಿಯುವುದು ವೇಷವೊಂದೇ, ಆದ್ದರಿಂದ ಬೆಳಕು ಕೆಟ್ಟರೆ ಇಡೀ ರಂಗಸಜ್ಜಿಕೆಯೇ ಕೆಟ್ಟಂತೆ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. 2,700ರಿಂದ 3,000 ಕೆಲ್ವಿನ್‌ನ, ಆರ್9 ಅಂಕಿ 90ರ ಮೇಲಿರುವ ದೀಪಗಳನ್ನು ರಂಗಸ್ಥಳದ ಎರಡು ಬದಿಗಳಲ್ಲಿ ಕಟ್ಟಿ, ಎದುರಿನ ಫ್ಲಡ್‌ಲೈಟನ್ನು ತಗ್ಗಿಸಿದರೆ ಸಾಕು. ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲೂ ಅದೇ ಜಾತಿಯ ದೀಪ ಇರಬೇಕು. ಒಂದು ಬೆಳಕಿನಲ್ಲಿ ಹೊಂದುವ ಎರಡು ಕೆಂಪುಗಳು ಇನ್ನೊಂದರಲ್ಲಿ ಬೇರೆಯಾಗಿ ಕಾಣಬಹುದು. ಕಲಾವಿದ ಕನ್ನಡಿಯ ಮುಂದೆ ಕೂತು ತೀಡುವ ಕೆಂಪು, ವೇಷದ ಅಂಗಿಯಾದ ದಗಲೆಗೆ ಆರಿಸುವ ಬಟ್ಟೆ ಎರಡನ್ನೂ ರಂಗದ ಬೆಳಕಿನಲ್ಲೇ ನೋಡಿ ನಿರ್ಧರಿಸಲು ಆಗ ಸಾಧ್ಯವಾಗುತ್ತದೆ.